ಗಿಡ್ಡ ಪಿಕಪ್ಪಿಗೆ ತಕ್ಕ ಕೊಂಡಿ

ನನ್ನ ವಯಸ್ಸಿನ ಹೆಂಗಸರ ಫೋನಿನಲ್ಲಿ ಭಜನೆ ಬರುತ್ತದೆ, ಮಂಡಿನೋವಿನ ಎಣ್ಣೆಯ ಜಾಹೀರಾತು ಬರುತ್ತದೆ, ಮೊಮ್ಮಕ್ಕಳು ಕೇಕಿನ ಮುಂದೆ ನಿಂತ ಫೋಟೋ ಬರುತ್ತದೆ. ನನ್ನ ಫೋನಿನಲ್ಲಿ ಬರುವುದು ಕೊಂಡಿ. ಒಂದು ಗಾಡಿಯ ಬೆನ್ನಿಗೆ ಇನ್ನೊಂದು ಗಾಡಿಯನ್ನು ಸಿಕ್ಕಿಸುವ ಕಬ್ಬಿಣದ ಕೊಂಡಿ. ಬೆಳಿಗ್ಗೆ ಚಹಾ ಕುಡಿಯುತ್ತ ಫೋನು ತೆರೆದರೆ ಯಾವುದೋ ದೇಶದ ದಪ್ಪ ಹೊಟ್ಟೆಯ ಗಂಡಸೊಬ್ಬ ಟೊಪ್ಪಿಗೆ ಹಾಕಿಕೊಂಡು, ಕೊಂಡಿಯನ್ನು ಕೂಸಿನ ಹಾಗೆ ಎತ್ತಿ ಹಿಡಿದು ನಗುತ್ತಿರುತ್ತಾನೆ. ಅವನು ಏನು ಹೇಳುತ್ತಾನೋ ನನಗೆ ತಿಳಿಯುವುದಿಲ್ಲ. ಆದರೆ ಅವನ ಕಷ್ಟ ಮಾತ್ರ ಚೆನ್ನಾಗಿ ತಿಳಿಯುತ್ತದೆ. ಅವನ ಕಷ್ಟವೂ ನಮ್ಮ ಕಷ್ಟವೂ ಒಂದೇ: ಎಳೆಯುವ ಗಾಡಿ ಗಿಡ್ಡ, ಹಿಂದಿನ ಡಬ್ಬಿ ಉದ್ದ.

ಫೋನಿನಲ್ಲಿ ಬರೆಯುವುದನ್ನು ಕಲಿಸಿದವಳು ಸಣ್ಣ ಸೊಸೆ ಲಗಮವ್ವ. ಕಲಿಸುವಾಗ ಅವಳು ಸೊಸೆಯಾಗಿರುವುದಿಲ್ಲ, ಸಾಲಿಯ ಮಾಸ್ತರ ಆಗುತ್ತಾಳೆ. ಉಣ್ಣೆ ನೂತು ನೂತು ನನ್ನ ಬೆರಳ ತುದಿ ಗಟ್ಟಿಯಾಗಿದೆ. ಎಷ್ಟು ಒತ್ತಿದರೂ ಫೋನಿಗೆ ಅದು ಬೆರಳು ಅನ್ನಿಸುವುದಿಲ್ಲ. "ಒತ್ತಬ್ಯಾಡ್ರಿ ಅತ್ತಿ, ಮುಟ್ರಿ. ಕುರಿ ಹಾಲು ಹಿಂಡಾಕತ್ತೀರೇನು?" ಎನ್ನುತ್ತಾಳೆ. ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ರೊಟ್ಟಿ ಬಡಿಯುವುದನ್ನು ಕಲಿಸುವಾಗ ನಾನು ಏನೇನು ಅಂದಿದ್ದೆನೋ ಮರೆತಿದ್ದೇನೆ. ಅವಳು ಮರೆತ ಹಾಗೆ ಕಾಣುವುದಿಲ್ಲ.

ಕೊಂಡಿಯ ಸುದ್ದಿ ನನಗೇಕೆ ಬಂತು ಎಂದು ಹೇಳಬೇಕಾದರೆ ಕುದುರೆಯಿಂದ ಶುರು ಮಾಡಬೇಕು. ನಾವು ಕುರಿ ಕಾಯುವವರು. ಜತ್ತ ತಾಲೂಕಿನ ಕರಜಗಿಯ ಹತ್ತಿರ ನಮ್ಮ ಮನೆ. ಸುಗ್ಗಿ ಮುಗಿದು ಇಲ್ಲಿ ಮೇವು ತೀರಿದರೆ ಕುರಿ ಹೊಡೆದುಕೊಂಡು ಹೊಳೆಯ ಸೀಮೆಗೆ ಹೋಗುತ್ತೇವೆ. ಅಲ್ಲಿನ ರೈತರು ರಾತ್ರಿ ಕುರಿಗಳನ್ನು ತಮ್ಮ ಹೊಲದಲ್ಲಿ ಕೂಡಿಸಿಕೊಳ್ಳುತ್ತಾರೆ. ಹೊಲಕ್ಕೆ ಗೊಬ್ಬರ, ನಮಗೆ ಜೋಳ. ನನ್ನ ಕಾಲದಲ್ಲಿ ಇಡೀ ಸಂಸಾರ ಒಂದು ಕುದುರೆಯ ಬೆನ್ನ ಮೇಲೆ ಇರುತ್ತಿತ್ತು: ಪಾತ್ರೆ, ಕಂಬಳಿ, ಹಿಟ್ಟಿನ ಚೀಲ, ಕೋಳಿ, ಆಗ ತಾನೇ ಹುಟ್ಟಿದ ಮರಿ, ಕೆಲವು ಸಲ ನನ್ನ ಮಕ್ಕಳು. ಗಂಡಸರು ಕುರಿಯ ಹಿಂದೆ ಹೋಗುತ್ತಿದ್ದರು, ಹೆಂಗಸರು ದಿನಾ ಆ ಮನೆಯನ್ನು ಬಿಚ್ಚಿ ಇಳಿಸಿ, ಮತ್ತೆ ಹೇರಿ ಕಟ್ಟುತ್ತಿದ್ದೆವು. ಮನೆ ಕಟ್ಟಿ ನೋಡು ಎಂದು ಯಾರಾದರೂ ದೊಡ್ಡ ದನಿಯಲ್ಲಿ ಹೇಳಿದರೆ ನನಗೆ ನಗು ಬರುತ್ತದೆ. ನಾನು ದಿನಕ್ಕೊಂದು ಕಟ್ಟಿದವಳು.

ಈಗ ಕುದುರೆ ಇಲ್ಲ, ಪಿಕಪ್ ಇದೆ. ನನಗೆ ಮಂಡಿಗಳೂ ಇಲ್ಲದ ಹಾಗೇ. ಕೆಲವು ವರ್ಷಗಳಿಂದ ಸಣ್ಣ ಮಗ ಬೀರು, ಲಗಮವ್ವ ಇಬ್ಬರೂ ಕುರಿಯ ಸಂಗಡ ಹೋಗುತ್ತಾರೆ, ನಾನು ಹಿರಿಯ ಮಗನ ಮನೆಯಲ್ಲಿ ಉಳಿಯುತ್ತೇನೆ. ಅಲ್ಲಿ ಫ್ಯಾನು ಇದೆ, ಟಿವಿ ಇದೆ, ಹೊತ್ತು ಹೊತ್ತಿಗೆ ಬಿಸಿ ಊಟ ಇದೆ, ನನಗೆ ಯಾರೂ ಏನೂ ಕೆಲಸ ಹೇಳುವುದಿಲ್ಲ. ತೊಂದರೆ ಅದೇ. ಕೆಲಸ ಹೇಳದ ಮನೆಯಲ್ಲಿ ಬೈಯುವುದಕ್ಕೆ ಕಾರಣ ಸಿಗುವುದಿಲ್ಲ. ಬೈಗುಳವಿಲ್ಲದೆ ನನಗೆ ಊಟ ಜೀರ್ಣವಾಗುವುದಿಲ್ಲ.

ಹೀಗಿರುವಾಗ ಬೀರು ಒಂದು ದಿನ ಶೇಗಾಂವದ ಕಡೆಯಿಂದ ಒಂದು ಹಳೆಯ ಡಬ್ಬಿಗಾಡಿ ತಂದ. ಯಾವುದೋ ತಮಾಷಾ ಕಂಪನಿಯವರು, ಹಾಡು-ಕುಣಿತದ ಆಟದವರು, ಊರೂರು ತಿರುಗುವಾಗ ನಟಿಯರು ಬಣ್ಣ ಹಚ್ಚಿಕೊಳ್ಳುತ್ತಿದ್ದ ಗಾಡಿಯಂತೆ. ಕಂಪನಿ ಮುಚ್ಚಿತು, ಗಾಡಿ ನಿಂತೇ ಇತ್ತು. ಒಳಗೆ ಗೋಡೆಗೆ ಕನ್ನಡಿ ಇನ್ನೂ ಇದೆ. ಅದರ ಅಂಚಿನ ಸುತ್ತ ಅವರು ಹಣೆಯಿಂದ ತೆಗೆದು ಅಂಟಿಸಿದ ಟಿಕಳಿಗಳೂ ಇವೆ, ಕೆಂಪು, ಹಸಿರು, ಒಂದೆರಡು ನಾಗರದ ಹೆಡೆಯಂಥವು. ಗಾಡಿಯ ಮುಂದುಗಡೆ ಮೇಲ್ಭಾಗ ಒಂಟೆಯ ಕುತ್ತಿಗೆಯ ಹಾಗೆ ಮುಂದಕ್ಕೆ ಚಾಚಿಕೊಂಡಿದೆ. ಒಳಗಿನಿಂದ ನೋಡಿದರೆ ಅದೊಂದು ಅಗಲ ಅಟ್ಟ. ಢೋಲಕಿ, ಪೆಟ್ಟಿಗೆ ಇಡುತ್ತಿದ್ದರಂತೆ. ಅದರ ಬಲಗಡೆಯ ಮೂಲೆ ಎಲ್ಲೋ ಮರಕ್ಕೋ ಗೋಡೆಗೋ ಗುದ್ದಿ ಒಳಕ್ಕೆ ಚಪ್ಪಟೆಯಾಗಿತ್ತು. ಎಡಗಡೆಯ ಮೂಲೆ ನೆಟ್ಟಗೆ ಚೂಪಾಗಿತ್ತು. ಈ ಮೂಲೆಗಳನ್ನು ನೆನಪಿಟ್ಟುಕೊಳ್ಳಿ.

"ಮರಿಗೋಳು ಒಳಗ, ಭಾಂಡೆ ಒಳಗ, ಮಳಿ ಬಂದ್ರ ನಾವೂ ಒಳಗ," ಎಂದ ಬೀರು. ಅವನು ಹೇಳಿ ಮುಗಿಸುವ ಹೊತ್ತಿಗೆ ನಾನು ಅಟ್ಟದ ಮೇಲೆ ಹತ್ತಿ ಮಲಗಿ ನೋಡುತ್ತಿದ್ದೆ. ಹೇಗೆ ಹತ್ತಿದೆ ಎಂದು ಕೇಳಬೇಡಿ. ಮನಸ್ಸಿಗೆ ಬಂದ ಕೆಲಸಕ್ಕೆ ಮಂಡಿ ನೋಯುವುದಿಲ್ಲ. ಬಲಗಡೆ ಚಪ್ಪಟೆಯಾದಲ್ಲಿ ಕಾಲು ಸ್ವಲ್ಪ ಮಡಚಬೇಕು, ಎಡಗಡೆ ತಲೆಗೆ ಬೇಕಾದಷ್ಟು ಜಾಗ. ಪಕ್ಕದಲ್ಲೊಂದು ಸಣ್ಣ ಕಿಟಕಿ. ನಾನೂ ಹೊಳೆಯ ಸೀಮೆಗೆ ಹೋಗುವುದೆಂದು ಅಲ್ಲೇ ನಿರ್ಧಾರವಾಯಿತು. ನಿರ್ಧಾರ ಮಾಡಿದವಳು ನಾನೊಬ್ಬಳೇ ಎಂಬುದು ಬೇರೆ ಮಾತು.

"ಯವ್ವಾ, ಮೊದಲ ಪಿಕಪ್ ಇದನ್ನ ಜಗ್ಗಲಿ," ಎಂದ ಮಗ. "ಜಗ್ಗಲಿಲ್ಲಂದ್ರ ಗುಜರಿಗಿ ಹಾಕೂದು. ಆಮ್ಯಾಲ ನೀ ಮನ್ಯಾಗ ಟಿವಿ ನೋಡ್ಕೋತ ಕುಂದ್ರು."

ಹೀಗೆ ನನ್ನ ಹೊಳೆಯ ಸೀಮೆ, ನನ್ನ ಕಿಟಕಿ, ನನ್ನ ಬೈಗುಳ ಎಲ್ಲವೂ ಒಂದು ಕಬ್ಬಿಣದ ಕೊಂಡಿಗೆ ಜೋತುಬಿದ್ದವು. ಫೋನಿನಲ್ಲಿ ನಾನು ಮೊದಲು ಹುಡುಕಿದ್ದು ಇದನ್ನೇ. ಅಂದಿನಿಂದ ಫೋನು ನನ್ನನ್ನು ಕೊಂಡಿಯ ವ್ಯಾಪಾರಸ್ಥಳು ಎಂದು ತಿಳಿದುಕೊಂಡಿದೆ.

ಈಗ ಕಷ್ಟ ಏನೆಂದು ಹೇಳುತ್ತೇನೆ. ಸಾಮಾನ್ಯ ಟ್ರಾಲಿಯನ್ನು ಗಾಡಿಯ ಬಾಲಕ್ಕೆ ಕಟ್ಟುತ್ತಾರೆ. ಕುತ್ತಿಗೆ ಇರುವ ಈ ಡಬ್ಬಿಯನ್ನು ಬಾಲಕ್ಕಲ್ಲ, ಬೆನ್ನಿಗೆ ಕಟ್ಟಬೇಕು. ಅಂದರೆ ಪಿಕಪ್ಪಿನ ಹಿಂದೆ ಸಾಮಾನು ತುಂಬುವ ತೊಟ್ಟಿ ಇರುತ್ತದಲ್ಲ, ನಾವು ಹೌದಾ ಅನ್ನುತ್ತೇವೆ, ಅದರ ನಡುವೆ ಕೊಂಡಿ ಕೂರಿಸಿ ಡಬ್ಬಿಯ ಕುತ್ತಿಗೆಯನ್ನು ಅದರ ಮೇಲೆ ಇಡಬೇಕು. ಕಂಪನಿಯವರ ಹತ್ತಿರ ಉದ್ದನೆಯ ಲಾರಿ ಇತ್ತು, ಏನೂ ಅಡ್ಡಿಯಾಗಲಿಲ್ಲ. ನಮ್ಮ ಪಿಕಪ್ಪಿನ ಹೌದಾ ಗಿಡ್ಡ. ಕೊಂಡಿಯನ್ನು ಹಿಂದಿನ ಗಾಲಿಗಳ ನೇರಕ್ಕೆ ಇಟ್ಟರೆ ಭಾರ ಸರಿಯಾಗಿ ಕೂರುತ್ತದೆ, ಆದರೆ ಗಾಡಿ ತಿರುಗಿದಾಗ ಡಬ್ಬಿಯ ಮೂಲೆ ಬಂದು ಡ್ರೈವರನ ಬೆನ್ನ ಹಿಂದಿನ ಗಾಜಿಗೆ ಗುದ್ದುತ್ತದೆ. ಕೊಂಡಿಯನ್ನು ಹಿಂದಕ್ಕೆ ಸರಿಸಿದರೆ ಮೂಲೆ ತಾಗುವುದಿಲ್ಲ, ಆದರೆ ಭಾರವೆಲ್ಲ ಬಾಲದ ಮೇಲೆ ಬಿದ್ದು ಗಾಡಿಯ ಮೂತಿ ಹಗುರಾಗಿ ಸ್ಟೇರಿಂಗು ಹಿಡಿತಕ್ಕೆ ಸಿಗುವುದಿಲ್ಲ. ಮುಂದೆ ಇಟ್ಟರೆ ಗಾಜು, ಹಿಂದೆ ಇಟ್ಟರೆ ಮೂತಿ. ಒಂದೇ ಅಡುಗೆ ಮನೆಯಲ್ಲಿ ಬಹಳ ದಿನ ಅತ್ತೆ-ಸೊಸೆಯಾಗಿ ಇದ್ದವರಿಗೆ ಇದನ್ನು ಇನ್ನೂ ಬಿಡಿಸಿ ಹೇಳಬೇಕಾಗಿಲ್ಲ.

ಡಫಳಾಪುರದಲ್ಲಿ ಮೌಲಾನ ವೆಲ್ಡಿಂಗ್ ಅಂಗಡಿ ಇದೆ. ಅವನು ಗೇಟು, ಕಿಟಕಿ, ನೀರಿನ ಟಾಕಿಯ ಸ್ಟ್ಯಾಂಡು ಎಲ್ಲ ಮಾಡುತ್ತಾನೆ, ಮಾಡುವಾಗ ಮಾತನ್ನೂ ನಿಲ್ಲಿಸುವುದಿಲ್ಲ. ಗಾಡಿಯ ಸುತ್ತ ತಿರುಗಿ ನೋಡಿ, "ಸ್ವಾಪಾ ಕೆಲಸ ಐತಿ ಬೀರಣ್ಣಾ, ಏನೂ ತ್ರಾಸಿಲ್ಲ. ಈ ಕುತ್ತಿಗಿ ಕತ್ತರಿಸಿ ಒಗೀತೀನಿ. ಕೆಳಗ ಒಂದು ದಾಂಡಿ ಹಚ್ಚತೀನಿ. ಬಾಲಕ್ಕ ಹುಕ್ ಹಾಕಿ ಜಗ್ಗಕೋತ ಹೋಗು," ಎಂದ.

ಕುತ್ತಿಗೆ ಎಂದರೆ ನನ್ನ ಹಾಸಿಗೆ. ಆದರೆ ಹಾಸಿಗೆಯ ಮಾತು ಗಂಡಸರ ಮುಂದೆ ನಡೆಯುವುದಿಲ್ಲ. ಹಾಗಾಗಿ ನಾನು ಕುದುರೆಯ ಮಾತು ತೆಗೆದೆ.

"ಮೌಲಾ, ಕುದುರಿ ಮ್ಯಾಲ ಹೇರು ಹೇರೀಯೇನು ಯಾವಾಗರ?"

"ಇಲ್ಲ್ರಿ ಆಯಿ. ನಮ್ಮದು ಮೊದಲಿಂದ ಸೈಕಲ್."

"ಹೇರು ಬಾಲದ ಕಡಿ ಜಾರಿದ್ರ ಕುದುರಿ ಒದಿತೈತಿ, ನಡು ಮುರೀತೈತಿ. ಹೇರು ಬೆನ್ನಿನ ನಡು ಇರಬೇಕು. ಗಾಡೀಗಿ ಬ್ಯಾರೆ ಶಾಸ್ತ್ರ ಐತೇನು?"

ಹೇಳಿದ್ದು ಸುಳ್ಳಲ್ಲ. ನಮ್ಮ ಕುದುರೆಗೆ ಹಾಗೇ ಕಟ್ಟುತ್ತಿದ್ದೆವು. ಆದರೆ ಒಂದು ಮಾತು ನಿಜವಾಗಿದ್ದ ಮಾತ್ರಕ್ಕೆ ಅದನ್ನು ಆಡಿದ ಕಾರಣವೂ ನಿಜವಾಗಿರಬೇಕಾಗಿಲ್ಲ. ಮೌಲಾ ಬೀರುವಿನ ಮುಖ ನೋಡಿದ, ಬೀರು ಲಗಮವ್ವನ ಮುಖ ನೋಡಿದ, ಲಗಮವ್ವ ನನ್ನ ಮುಖ ನೋಡಿ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ಬಾಯಿಗೆ ಏನೂ ಹತ್ತಿರಲಿಲ್ಲ. ಕುತ್ತಿಗೆ ಉಳಿಯಿತು. ಮೌಲಾ ಗಾಲಿಗಳ ನೇರಕ್ಕೆ ಅಲುಗಾಡದ ಹಾಗೆ ಒಂದು ಗಟ್ಟಿ ಕೊಂಡಿ ಕೂರಿಸಿಕೊಟ್ಟ. ಕಾಗದಪತ್ರ, ಪಾಸಿಂಗು ಎಲ್ಲ ಬೀರು ನೋಡಿಕೊಂಡ. ಅದರ ಗೊಡವೆಗೆ ನಾನು ಹೋಗಲಿಲ್ಲ.

ಹೊಸ ಗಾಡಿ ಬಂದರೆ ನಮ್ಮಲ್ಲಿ ಮೊದಲು ಬೀರದೇವರ ಗುಡಿಗೆ. ಗುಡಿಯ ಸುತ್ತ ದೊಡ್ಡ ಬಯಲು. ಗಾಡಿಗೆ ಭಂಡಾರದ ಅರಿಸಿನ ಹಚ್ಚಿ, ಕಾಯಿ ಒಡೆದು, ದೇವರಿಗೆ ಗಾಡಿಯಿಂದಲೇ ಸುತ್ತು ಹಾಕಿಸಿದೆವು. ಅದೇ ನಮ್ಮ ಪರೀಕ್ಷೆಯೂ ಆಗಿತ್ತು. ಬೀರು ಒಂದು ಕಣ್ಣು ಗುಡಿಯ ಮೇಲೆ, ಒಂದು ಕಣ್ಣು ಹಿಂದಿನ ಗಾಜಿನ ಮೇಲೆ ಇಟ್ಟುಕೊಂಡು ತಿರುಗಿಸಿದ. ಮೂಲೆ ತಾಗಲಿಲ್ಲ. ಇನ್ನೊಂದು ಸುತ್ತು ಹೆಚ್ಚು ಬಿಗಿಯಾಗಿ ತಿರುಗಿಸಿದ. ಆಗಲೂ ತಾಗಲಿಲ್ಲ. ಮೌಲಾ ಮೀಸೆಯ ಮೇಲೆ ಕೈ ಆಡಿಸಿಕೊಂಡ. ನಾನು ಮನಸ್ಸಿನಲ್ಲೇ ಕಂಬಳಿ ಕಟ್ಟತೊಡಗಿದೆ.

ಗುಡಿಯ ಬಯಲಿನಿಂದ ಊರ ದಾರಿಗೆ ಇಳಿಯಬೇಕಾದರೆ ಎಡಕ್ಕೆ ತಿರುಗಬೇಕು. ಬೀರು ತಿರುಗಿಸಿದ. ಡಬ್ಬಿಯ ಎಡಗಡೆಯ ಚೂಪು ಮೂಲೆ ಸಾವಕಾಶ ಬಂದು, ಯಾರನ್ನೂ ಬೈಯದೆ, ಹಿಂದಿನ ಗಾಜಿನ ನಡುವೆ ಹೊಕ್ಕಿತು. ಒಡೆದ ಕಾಯಿಯ ಸದ್ದಿಗಿಂತ ಸ್ವಲ್ಪ ಸಣ್ಣ ಸದ್ದು.

ಯಾರಿಗೂ ಏನೂ ಆಗಲಿಲ್ಲ. ಬೀರು ಕೂದಲಿನಲ್ಲಿದ್ದ ಗಾಜಿನ ಚೂರು ಕೊಡವಿಕೊಳ್ಳುತ್ತ ಇಳಿದ. ಲಗಮವ್ವ ಮೂಲೆಯನ್ನು ನೋಡಿ ಮೆಲ್ಲಗೆ, "ಎಡಕ್ಕ ಒಂದು ಸಲನೂ ತಿರುಗಿಸಿ ನೋಡಲಿಲ್ಲಲಾ," ಎಂದಳು.

"ದೇವರಿಗಿ ಎಡಸುತ್ತು ಹಾಕೂದೇನ?" ಎಂದ ಬೀರು ಸಿಟ್ಟಿನಿಂದ.

ಅಲ್ಲಿದ್ದವರಿಗೆಲ್ಲ ವಿಷಯ ಆಗ ತಿಳಿಯಿತು. ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತಿದರೆ ಗಾಡಿ ತಿರುಗುವುದು ಬಲಕ್ಕೇ. ಬಲಕ್ಕೆ ತಿರುಗಿದಾಗ ಮುಂದೆ ಬರುವುದು ಬಲ ಮೂಲೆ. ಆ ಮೂಲೆಯನ್ನು ತಮಾಷಾ ಕಂಪನಿಯವರು ಯಾವ ಕಾಲದಲ್ಲೋ ಗುದ್ದಿಸಿ ಚಪ್ಪಟೆ ಮಾಡಿ ನಮಗೆ ಉಪಕಾರ ಮಾಡಿಟ್ಟಿದ್ದರು. ಇಷ್ಟು ಜನ ನಿಂತಿದ್ದೆವು, ಒಬ್ಬರಿಗಾದರೂ ಗಾಡಿಯನ್ನು ಎಡಕ್ಕೆ ತಿರುಗಿಸಿ ನೋಡೋಣ ಎನ್ನಿಸಲಿಲ್ಲ. ನಾವು ಪರೀಕ್ಷೆ ಮಾಡಿದ್ದೆವೋ ಪೂಜೆ ಮಾಡಿದ್ದೆವೋ ನಮಗೇ ಗೊತ್ತಿರಲಿಲ್ಲ. ಪೂಜಾರಿ ಮಾತ್ರ ತಣ್ಣಗೆ, "ಗುಡಿ ಬಿಟ್ಟ ಮ್ಯಾಲ ಒಡದೈತಿ. ದೇವರ ಮ್ಯಾಲ ಹಾಕಬ್ಯಾಡ್ರಿ," ಎಂದು ಒಳಗೆ ಹೋದ.

ಅಂಗಡಿಗೆ ವಾಪಸು ಬಂದ ಮೇಲೆ, ಮುಂದೇನು ಎಂಬುದಕ್ಕೆ ಎರಡು ದಾರಿ ಉಳಿದಿದ್ದವು. ಬಲ ಮೂಲೆ ಚಪ್ಪಟೆಯಾದದ್ದೇ ಉಪಕಾರವಾಗಿದ್ದರೆ ಎಡ ಮೂಲೆಯನ್ನೂ ಕತ್ತರಿಸಿ ಓರೆ ಮಾಡುವುದು ಮೌಲಾನ ದಾರಿ. ಹೇಳುವಾಗಲೇ ಕತ್ತರಿಸುವ ಯಂತ್ರದ ಕಡೆ ಅವನ ಕೈ ಹೋಗುತ್ತಿತ್ತು. ಅವನಿಗೆ ನನ್ನ ಹಾಸಿಗೆಯ ಮೇಲೆ ಏನೋ ಹಳೆಯ ದ್ವೇಷ. ಕಾಲಿನ ಕಡೆ ಆಗಲೇ ಮಡಚಿದ್ದೇನೆ, ತಲೆಯ ಕಡೆಯೂ ಕತ್ತರಿಸಿದರೆ ನಾನು ಮಲಗುವುದು ಹೊಟ್ಟೆಯೊಳಗಿನ ಮರಿಯ ಹಾಗೆ.

"ನೀ ಏನ ಆರಡಿ ಆಳ ಅದೀಯೇನ ಯವ್ವಾ? ಮುದ್ದಿ ಆಗಿ ಮಲಗಿದ್ರಾತು," ಎಂದ ಬೀರು.

"ಮುದ್ದಿ ಆಗಿ ಮಲಗಿದಾಕಿ ಮುದ್ದಿ ಆಗೇ ಏಳತಾಳಲೇ. ಆಮ್ಯಾಲ ನೆಟ್ಟಗ ಮಾಡಾಕ ಮೌಲಾನ ಅಂಗಡಿಗೇ ತರಬೇಕಾಗತೈತಿ."

ಇನ್ನೊಂದು ದಾರಿ ನನ್ನ ಫೋನಿನೊಳಗೆ ಇತ್ತು. ಟೊಪ್ಪಿಗೆಯ ಗಂಡಸು ತೋರಿಸಿದ್ದು. ಜಾರುವ ಕೊಂಡಿ. ಹೌದಾದಲ್ಲಿ ಎರಡು ಹಳಿ, ಹಳಿಯ ಮೇಲೆ ಕೊಂಡಿ. ನೇರ ದಾರಿಯಲ್ಲಿ ಕೊಂಡಿ ಮುಂದೆ ಗಾಲಿಯ ನೇರಕ್ಕೆ ಕೂತಿರುತ್ತದೆ, ಭಾರ ಬೆನ್ನಿನ ನಡುವೆ. ಬಿಗಿಯಾದ ತಿರುವು ಬಂದಾಗ ಗಾಡಿ ನಿಲ್ಲಿಸಿ, ಡಬ್ಬಿಯ ಗಾಲಿಯ ಮುಂದೆ ಒಂದು ಕಲ್ಲು ಇಟ್ಟು, ಪಕ್ಕದಲ್ಲಿರುವ ಹಿಡಿಕೆ ಎಳೆದರೆ ಬಿಗಿ ಸಡಿಲಾಗುತ್ತದೆ. ಪಿಕಪ್ ಒಂದು ಚೂರು ಮುಂದೆ ಹೋದರೆ ಕೊಂಡಿ ಹಿಂದೆ ಜಾರಿ ಕೂರುತ್ತದೆ. ಗಾಜಿಗೂ ಮೂಲೆಗೂ ನಡುವೆ ಬೇಕಾದಷ್ಟು ಜಾಗ. ತಿರುಗಿದ ಮೇಲೆ ಕಲ್ಲನ್ನು ಗಾಲಿಯ ಹಿಂದೆ ಇಟ್ಟು, ಪಿಕಪ್ಪನ್ನು ಹಿಂದಕ್ಕೆ ತಂದರೆ ಕೊಂಡಿ ಮತ್ತೆ ತನ್ನ ಜಾಗಕ್ಕೆ. ಸದಾ ಅಂಟಿಕೊಂಡೂ ಇರಬೇಕು, ತಿರುವಿನಲ್ಲಿ ಮಾತ್ರ ಒಂದು ಮೊಳ ದೂರ ಸರಿಯಬೇಕು. ಇಷ್ಟು ಬುದ್ಧಿಯ ಮಾತು ಇಷ್ಟು ದಪ್ಪ ಹೊಟ್ಟೆಯವನಿಂದ ಬಂದೀತೆಂದು ನನಗೆ ಅನ್ನಿಸಿರಲಿಲ್ಲ.

ಮೌಲಾ ವಿಡಿಯೋ ನೋಡಿದ. ಮತ್ತೆ ನೋಡಿದ. "ಇದನ್ನ ನಾ ಮೊದಲ ಹೇಳಾಂವ ಇದ್ನಿ," ಎಂದ.

ಬೀರು ಮಾತ್ರ ಒಪ್ಪಲಿಲ್ಲ, ಹೆಂಡತಿಯ ಕಡೆ ಕೈ ಮಾಡಿದ. "ನಾ ಗಾಡಿ ನಡಸಾಂವ. ಇಕಿ ಕುರಿ ಹಿಂದ ಇರಾಕಿ. ತಿರುವಿಗೊಮ್ಮಿ ಇಳದು ಕಲ್ಲಿಟ್ಟು ಹಿಡಿಕಿ ಜಗ್ಗಾಕ ಯಾರದಾರ? ಕತ್ತರಿಸಿ ಬಿಡು ಮೌಲಾ, ಲಗೂನ ಮುಗೀಲಿ."

ಗಾಡಿಯ ಬಳಿ ಹೋಗಿ, ಹಿಡಿಕೆ ಎಲ್ಲಿ ಬರಬಹುದೋ ಅಲ್ಲಿ ಕೈ ಇಟ್ಟು ನಿಂತೆ. ನನ್ನ ಎತ್ತರಕ್ಕೆ ಸರಿಯಾಗಿತ್ತು. ನೆಲದ ಮೇಲೆ ಬಿದ್ದಿದ್ದ ಒಂದು ಕಲ್ಲನ್ನು ಕಾಲಿನಿಂದಲೇ ಗಾಲಿಯ ಮುಂದಕ್ಕೆ ತಳ್ಳಿದೆ. ಬಗ್ಗಲಿಲ್ಲ, ಬಗ್ಗಿದರೆ ಮಂಡಿಯ ಮಾತು ಬರುತ್ತಿತ್ತು. ಬೀರು ನೋಡಿದ. ಬಹಳ ಹೊತ್ತು ತಲೆ ಕೆರೆದುಕೊಂಡ. ಲಗಮವ್ವ, "ಕುದುರಿ ಇದ್ದಾಗ ಇಳಸೂದು ಹೇರೂದು ಇವರೇ ಮಾಡ್ಯಾರಲ್ರಿ. ಹಿಡಿಕಿ ಜಗ್ಗೂದು ಏನ ಮಹಾ?" ಎಂದಳು. ಅವಳು ನನ್ನ ಪಕ್ಷ ವಹಿಸಿ ಮಾತಾಡಿದ್ದನ್ನು ಕೇಳಿ ನನಗೆ ಸ್ವಲ್ಪ ಸಂಶಯವೇ ಬಂತು.

ಹೀಗೆ ಜಾರುವ ಕೊಂಡಿ ಆಯಿತು, ಗಾಜೂ ಹೊಸದಾಯಿತು. ಈ ಸಲ ಬಯಲಿನಲ್ಲಿ ಬಲಕ್ಕೂ ಎಡಕ್ಕೂ ತಿರುಗಿಸಿ ನೋಡಿದೆವು. ಗುಡಿಯಿಂದ ದೂರ, ಬೀರದೇವರಿಗೆ ಕಾಣದ ಹಾಗೆ.

ಇದನ್ನು ನಾನು ಬರೆಯುತ್ತಿರುವುದು ಅಟ್ಟದ ಮೇಲೆ, ಕಿಟಕಿಯ ಪಕ್ಕ ಮಲಗಿಕೊಂಡು. ಹೊರಗೆ ಯಾರದೋ ಹೊಲ, ಕುರಿ ಕೂತಿವೆ. ಕೆಳಗೆ ಮರಿಗಳು ಕನ್ನಡಿಯ ಮುಂದೆ ನಿಂತು ತಮ್ಮ ಮುಖವನ್ನೇ ನೋಡಿ ಒದರುತ್ತಿವೆ. ಆ ಕನ್ನಡಿಯ ಮುಂದೆ ಎಷ್ಟು ಜನ ಕೂತು ಮುಖ ತಿದ್ದಿಕೊಂಡರೋ, ಇಷ್ಟು ಆಶ್ಚರ್ಯದಿಂದ ನೋಡಿದವರು ಇವೇ ಇರಬೇಕು. ಹೊಲಕ್ಕೆ ಇಳಿಯುವ ದಾರಿಗಳೆಲ್ಲ ಬಿಗಿ ತಿರುವಿನವು. ಪ್ರತಿ ತಿರುವಿಗೂ ಪಿಕಪ್ ನಿಲ್ಲುತ್ತದೆ, ಬೀರು ಹಾರ್ನು ಹೊಡೆಯುತ್ತಾನೆ. ನಾನು ಅವನ ಪಕ್ಕದ ಸೀಟಿನಿಂದ ಸಾವಕಾಶ ಇಳಿಯುತ್ತೇನೆ. ಸೆರಗು ಸರಿಮಾಡಿಕೊಳ್ಳುತ್ತೇನೆ. ಕಲ್ಲು ಆರಿಸುತ್ತೇನೆ, ಮೊದಲು ಸಿಕ್ಕಿದ ಕಲ್ಲು ನನಗೆ ಸಾಮಾನ್ಯವಾಗಿ ಹಿಡಿಸುವುದಿಲ್ಲ. ಹಿಂದೆ ಯಾವನೋ ಮೋಟರ್ ಸೈಕಲ್ಲಿನವನು ಗೊಣಗುತ್ತಾನೆ. "ಲಗೂನ ಯವ್ವಾ," ಎನ್ನುತ್ತಾನೆ ಬೀರು. ಇಷ್ಟು ವರ್ಷ ನನ್ನನ್ನು ಬಿಟ್ಟು ಹೋಗುತ್ತಿದ್ದ ಗಾಡಿ ಈಗ ನಾನು ಕೈ ಹಚ್ಚುವ ತನಕ ತಿರುಗುವುದಿಲ್ಲ.

ಒಂದು ಮಾತು ಉಳಿಯಿತು. ಟೊಪ್ಪಿಗೆಯ ಗಂಡಸು ಇನ್ನೊಂದು ಕೊಂಡಿಯನ್ನೂ ತೋರಿಸುತ್ತಾನೆ. ಅದು ತಾನಾಗಿಯೇ ಜಾರುತ್ತದೆ. ಗಾಡಿ ತಿರುಗಿದರೆ ಅದೂ ಹಿಂದೆ ಸರಿಯುತ್ತದೆ, ನೇರವಾದರೆ ಮುಂದೆ ಬರುತ್ತದೆ. ಕಲ್ಲು ಬೇಡ, ಹಿಡಿಕೆ ಬೇಡ, ಇಳಿಯುವವಳು ಬೇಡ. ಮೌಲಾನ ಅಂಗಡಿಗೆ ಹೋಗುವ ಮೊದಲೇ ನಾನು ಅದನ್ನು ನೋಡಿದ್ದೆ. ನೋಡಿ, ಬೆರಳಿನಿಂದ ಮೇಲಕ್ಕೆ ಸರಿಸಿದೆ. ಈಗಲೂ ದಿನಕ್ಕೊಂದು ಸಲವಾದರೂ ಬರುತ್ತದೆ, ದಿನಾ ಸರಿಸುತ್ತೇನೆ. ಮುಟ್ಟುವುದನ್ನು ಈಗ ಚೆನ್ನಾಗಿ ಕಲಿತಿದ್ದೇನೆ.

ನಿನ್ನೆ ಸಂಜೆ ಬೀರು ತನ್ನ ಫೋನಿನ ಚಾರ್ಜು ತೀರಿತೆಂದು ನನ್ನ ಫೋನು ಬೇಕೆಂದ. ನಾನು ಒಲೆಯ ಮುಂದೆ ಇದ್ದೆ. ಲಗಮವ್ವ ಹಾಸಿಗೆಯ ಮೇಲಿಂದ ಫೋನು ತೆಗೆದುಕೊಂಡು, ಅವನಿಗೆ ಕೊಡುವ ಮೊದಲು ಒಂದು ಗಳಿಗೆ ನೋಡಿದಳು, ಬೆರಳಿನಿಂದ ಏನೋ ಸರಿಸಿದಳು. ಆಮೇಲೆ ನನ್ನ ಪಕ್ಕ ಬಂದು ರೊಟ್ಟಿ ತಿರುವಿ ಹಾಕುತ್ತ, ಸಣ್ಣ ದನಿಯಲ್ಲಿ ಅಂದಳು:

"ಆ ತಾನಾಗೇ ಸರಿಯೂದು ಮತ್ತ ಬಂದಿತ್ತು ಅತ್ತಿ. ತಗದೀನಿ."

ಅವಳಿಗೆ ಎಂದಿನಿಂದ ಗೊತ್ತು, ಗೊತ್ತಿದ್ದೂ ಏಕೆ ಸುಮ್ಮನಿದ್ದಳು ಎಂದು ನಾನು ಕೇಳಲಿಲ್ಲ. ರೊಟ್ಟಿಯ ಅಂಚು ಕರಕಾಗಿತ್ತು, ಅದಕ್ಕೆ ಬೈದೆ.